ಒಂದು ಗೇಣು ಹಿಗ್ಗಿದ ಮನೆ

ಭಾಲ್ಕಿಯಲ್ಲಿ ನನ್ನ ಕಚೇರಿಯ ಬೋರ್ಡು ಇಳಿಸಿದ ದಿನ, ಮನೆ ನಕ್ಷೆ ಬರೆಯಲು ಆಗಷ್ಟೇ ಲೈಸನ್ಸ್ ಪಡೆದ ಒಬ್ಬ ಹುಡುಗಿ ನನ್ನ ಹಳೆಯ ಡ್ರಾಯಿಂಗ್ ಟೇಬಲ್ ಒಯ್ಯಲು ಬಂದಿದ್ದಳು. ಟೇಬಲ್ಲಿನ ಕಾಲು ಬಿಚ್ಚುತ್ತ ಕೇಳಿದಳು: "ಮೇಡಂ, ಈ ಕೆಲಸದಾಗ ಎಲ್ಲಕ್ಕಿಂತ ತ್ರಾಸಿಂದು ಯಾವ್ದರಿ? ಆಸ್ಪತ್ರಿ, ಕಲ್ಯಾಣ ಮಂಟಪ, ಇಂಥವೇನ್ರಿ?"

ಸಣ್ಣ ನಿವೇಶನದಲ್ಲಿ ಒಂದೇ ಅಂತಸ್ತಿನ ಮನೆ, ಎಂದೆ. ಅವಳು ನಕ್ಕಳು. ನಗಲಿ, ತನ್ನ ಕೈಗೆ ಬಂದಾಗ ತಾನೇ ಗೊತ್ತಾಗುತ್ತದೆ. ಅವಳಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಶಾಲು, ಸನ್ಮಾನಗಳ ಕಥೆ ಬೇಕಾದವರು ಬೇರೆಯವರನ್ನು ಕೇಳಿಕೊಳ್ಳಬೇಕು, ನನ್ನ ಹತ್ತಿರ ಇಲ್ಲ.

ಗೊತ್ತಿಲ್ಲದವರಿಗೆ ಮೊದಲು ನಿಯಮ ಹೇಳಿಬಿಡುತ್ತೇನೆ. ನಿವೇಶನ ನಿಮ್ಮದೇ ಆದರೂ ಅಷ್ಟೂ ನೆಲದ ಮೇಲೆ ಕಟ್ಟುವಂತಿಲ್ಲ. ಇಷ್ಟು ಪಾಲು ಮನೆ, ಉಳಿದದ್ದು ಬಯಲು. ನಾಲ್ಕೂ ಕಡೆ ಗಡಿಯಿಂದ ಇಷ್ಟಿಷ್ಟು ಹಿಂದೆ ಸರಿಯಬೇಕು. ಮಹಡಿ ಏರಿಸುವವರಿಗೆ ಇದು ದೊಡ್ಡ ತಲೆನೋವಲ್ಲ, ಕೆಳಗೆ ಹಿಡಿಸದ ಕೋಣೆಯನ್ನು ಮೇಲಕ್ಕೆ ಒಯ್ಯುತ್ತಾರೆ. ಮೇಲೆ ಹತ್ತಲಾರೆವು ಎನ್ನುವವರಿಗೆ ಅಡುಗೆ, ನಿದ್ದೆ, ಸ್ನಾನ, ಬಂದವರು ಹೋದವರು, ಕೊನೆಗೆ ಗೋಡೆಯ ದಪ್ಪ ಕೂಡ ಆ ಪಾಲಿನೊಳಗೇ ಹಿಡಿಸಬೇಕು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬರಿದಾಗುತ್ತದೆ.

ನಾನು ಹಲಬರ್ಗಾದ ಬೌದ್ಧರ ಮನೆಯ ಹುಡುಗಿ. ಡಿಪ್ಲೊಮಾ ಮುಗಿಸಿ ಬೀದರದಲ್ಲಿ ಮೊಯಿನ್ ಸಾಬರ ಹತ್ತಿರ ಕೆಲಸಕ್ಕೆ ಸೇರಿದೆ. ಊರಿನ ಅರ್ಧ ಮನೆಗಳ ನಕ್ಷೆ ಅವರ ಕೈಯಿಂದಲೇ ಹೋಗುತ್ತಿತ್ತು. ಖುಷಿಯಲ್ಲಿದ್ದರೆ ನನ್ನನ್ನು "ಬೇಟಿ" ಎನ್ನುತ್ತಿದ್ದರು, ಸಿಟ್ಟಿನಲ್ಲಿದ್ದರೆ "ಮೇಡಂ". ಹೆಚ್ಚಿನ ಕಾಲ ನಾನು ಮೇಡಂ ಆಗಿಯೇ ಉಳಿದೆ. ಆಗ ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ಬರೆಯಬೇಕು, ತಪ್ಪಿದರೆ ಬ್ಲೇಡಿನಿಂದ ಕೆರೆಯಬೇಕು. ಅಮೋನಿಯಾ ಪ್ರಿಂಟ್ ತೆಗೆಯುವ ಯಂತ್ರ ಮೂಗು ಸುಡುತ್ತಿತ್ತು. ಕೆರೆದ ಗುರುತು ಕಂಡರೆ ಸಾಬರು ಕಾಗದವನ್ನೇ ಹರಿದು ಕೈಗೆ ಕೊಡುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಅವರದೊಂದು ಪದ್ಧತಿಯಿತ್ತು. ಹೊಸ ನಿವೇಶನದ ಕೆಲಸ ಬಂದಾಗ ಮೊದಲು ಹಸಿರು ಪೆನ್ಸಿಲಿನಲ್ಲಿ ಖಾಲಿ ಬಿಡುವ ಜಾಗವನ್ನು ತುಂಬಬೇಕು. ಮನೆಯ ಗೆರೆ ಆಮೇಲೆ.

"ಮೊದಲ ಖಾಲಿ ಜಾಗಾ ಬರಿ. ಖಾಲಿ ಜಾಗಾ ಉಳೀತಂದ್ರ ಮನಿ ಉಳೀತದ," ಎನ್ನುತ್ತಿದ್ದರು.

ನನಗೆ ಅದು ಮುದುಕರ ಗೀಳು ಅನ್ನಿಸಿತ್ತು. ಗೀಳಲ್ಲ ಎಂದು ತಿಳಿದದ್ದು ಔರಾದದಲ್ಲಿ.

ಔರಾದದ ಒಬ್ಬ ಕಿರಾಣಿ ವ್ಯಾಪಾರಿ ನಮ್ಮಿಂದ ನಕ್ಷೆ ಮಾಡಿಸಿಕೊಂಡಿದ್ದ. ಪರವಾನಗಿ ಕೈಗೆ ಬಂದ ಕೂಡಲೇ ನಕ್ಷೆಯನ್ನು ಸುತ್ತಿ ಅಟ್ಟಕ್ಕೆ ಎಸೆದು, ಗಡಿಯಿಂದ ಗಡಿಗೆ ಮನೆ ಕಟ್ಟಿಬಿಟ್ಟ. "ನನ್ನ ಜಾಗಾ, ನಾಯಿ ತಿರಗ್ಯಾಡಾಕ ಬಿಡ್ಲೇನು?" ಎಂದು ಊರೆಲ್ಲ ಹೇಳಿಕೊಂಡು ಬಂದ. ಅವನನ್ನು ನೋಡಿ ಹಿಂದಿನವರು, ಪಕ್ಕದವರು ತಮ್ಮ ಗೋಡೆಯನ್ನೂ ತಂದು ಅವನ ಗೋಡೆಗೆ ಆನಿಸಿದರು. ಕಿಟಕಿಗಳೆಲ್ಲ ಕಲ್ಲಿಗೆ ಮುಖ ಮಾಡಿ ನಿಂತವು. ಒಂದು ಬೆಳಗ್ಗೆ ಮುಂದಿನ ಕೋಣೆಯಲ್ಲಿ, ಬಾಗಿಲ ಪಕ್ಕದಲ್ಲೇ ಒಟ್ಟಿದ್ದ ಸರಕಿಗೆ ಬೆಂಕಿ ಹತ್ತಿತು. ಒಳಗಿದ್ದ ಅವನ ಹೆಂಡತಿ, ತಾಯಿ ಹೊರಗೆ ಬರಲು ಇದ್ದದ್ದು ಅದೊಂದೇ ಬಾಗಿಲು. ಹಿಂದಿನ ಮನೆಯವರು ತಮ್ಮ ಅಡುಗೆಮನೆಯ ಗೋಡೆ ಒಡೆದು ಇಬ್ಬರನ್ನೂ ಎಳೆದುಕೊಂಡರು. ಜೀವ ಉಳಿಯಿತು. ಆ ಮುದುಕಿಯ ಉಸಿರು ಮಾತ್ರ ಮೊದಲಿನಂತೆ ಆಗಲೇ ಇಲ್ಲ.

ಸಾಬರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಆ ಒಡೆದ ಗೋಡೆಯ ಮುಂದೆ ನಿಲ್ಲಿಸಿದರು. ಆವತ್ತಿನಿಂದ, ಯಾರಾದರೂ "ಒಂದು ಅಡಿ ಹೆಚ್ಚು ಕಡಿಮಿ ಆದ್ರ ಏನಾಗ್ತದ ಮೇಡಂ" ಎಂದರೆ ನನಗೆ ತಲೆ ಕಾಯುತ್ತದೆ. ಜನ ನನ್ನನ್ನು ಸಿಡುಕಿ ಅನ್ನುತ್ತಾರೆ. ಅನ್ನಲಿ ಬಿಡಿ.

ಆಮೇಲೆ ಕಂಪ್ಯೂಟರ್ ಬಂತು. ಸಾಬರು ಅದರ ಮುಂದೆ ಒಮ್ಮೆ ಕುಳಿತು, ಎದ್ದು, ಮತ್ತೆ ಆ ಕೋಣೆಗೆ ಬರಲಿಲ್ಲ. ನಾನು ಕಲಿತೆ. ಭಾಲ್ಕಿಗೆ ಬಂದು ಸ್ವಂತ ಕಚೇರಿ ತೆರೆದೆ. ಈಗ ನಕ್ಷೆಯನ್ನು ಸರಕಾರಿ ಪೋರ್ಟಲ್ಲಿಗೆ ಏರಿಸಿದರೆ ಅದೇ ಅಳೆದು, ಮಿತಿ ಮೀರಿದರೆ ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತದೆ. ಅನುಕೂಲವೇ. ಆದರೆ ಅದು ಅಳೆಯುವುದು ನಾವು ಬರೆದದ್ದನ್ನು. ಮನೆ ಕಟ್ಟುವ ಗೌಂಡಿ ಹೊಲದಂಥ ಬಯಲಲ್ಲಿ ದಾರ ಎಲ್ಲಿ ಕಟ್ಟಿದ ಎಂಬುದು ಅದಕ್ಕೆ ಕಾಣುವುದಿಲ್ಲ. ಈ ಮಾತನ್ನು ನನಗೆ ಕಲಿಸಿದ್ದು ನಸೀಮಾಳ ಮನೆ.

ನಸೀಮಾಳ ಗಂಡ ಸಲೀಮ್ ದರ್ಜಿ. ಬೀದರದ ಹಳೆ ಊರಲ್ಲಿ ಒಂದು ಮಹಡಿಯ ಮೇಲೆ ಬಾಡಿಗೆಗೆ ಇದ್ದರು. ಭಾಲ್ಕಿಯ ಅಂಚಿನ ಹೊಸ ಬಡಾವಣೆಯಲ್ಲಿ ನಿವೇಶನ ಕೊಂಡಿದ್ದೇವೆ, ಮನೆಯಾಕೆ ಕೆಳಗೆ ಇಳಿದು ಬರಲಾರಳು, ನೀವೇ ಬರಬೇಕು ಎಂದು ಆತ ಫೋನು ಮಾಡಿದ್ದ. ಹೋದೆ. ಕೆಂಪು ಕಲ್ಲಿನ ಮೆಟ್ಟಿಲು, ಸವೆದು ನಡುವೆ ಗುಳಿ ಬಿದ್ದು, ಗೋಡೆ ಹಿಡಿದು ಹತ್ತಬೇಕು. ಮೇಲೆ ಗಾಲಿ ಕುರ್ಚಿಯಲ್ಲಿ ಒಬ್ಬ ಹೆಂಗಸು ಕುಳಿತು ಕಾಜಾ ಹೊಲಿಯುತ್ತಿದ್ದಳು. ರಸ್ತೆ ಅಪಘಾತದಲ್ಲಿ ಬೆನ್ನಿಗೆ ಪೆಟ್ಟು ಬಿದ್ದು ಅವಳ ಕಾಲುಗಳು ಹೋಗಿದ್ದವು. ತೋಳುಗಳು ಮಾತ್ರ ಕುಸ್ತಿಯವರ ತೋಳಿನಷ್ಟು ಗಟ್ಟಿ.

ನಾನು ಎಷ್ಟು ಕೋಣೆ ಬೇಕು ಎಂದು ಕೇಳಿದೆ.

"ಕೋಣಿ ಎಷ್ಟರ ಇರ್ಲಿ ಮೇಡಂ," ಎಂದಳು ನಸೀಮಾ. "ನಂದು ಒಂದ ಮಾತ್ ಅದ. ನನ್ನ ಯಾರೂ ಎತ್ತಬಾರದು. ಇವರೂ ಎತ್ತಬಾರದು."

ಸಲೀಮ್ ತಲೆ ತಗ್ಗಿಸಿದ. ಅವನು ಒಳಗೆ ಚಹಾಕ್ಕೆ ಹೋದಾಗ ಅವಳು ಕಾರಣ ಹೇಳಿದಳು. ಅವಳ ತಾಯಿ ಖಟಕ ಚಿಂಚೋಳಿಯಲ್ಲಿ ತೀರಿಕೊಂಡ ದಿನ ಸಲೀಮ್ ಬಟ್ಟೆ ತರಲು ಹೈದರಾಬಾದಿಗೆ ಹೋಗಿದ್ದ. ಕೆಳಗೆ ಆಟೋ ಬಂದು ನಿಂತಿತ್ತು. ಓಣಿಯ ಗಂಡಸರು ಎತ್ತಿ ಇಳಿಸಲು ಸಿದ್ಧರಿದ್ದರು, ಒಳ್ಳೆಯವರೇ. ಅವಳಿಗೆ ಪರಗಂಡಸರ ಕೈ ಮೈಗೆ ತಾಗುವುದು ಒಪ್ಪಿಗೆಯಾಗಲಿಲ್ಲ. ಗಂಡ ಬಂದು ಇಳಿಸುವ ಹೊತ್ತಿಗೆ ಅಲ್ಲಿ ಮಣ್ಣು ಮುಗಿದಿತ್ತು.

"ಆಟೋ ಹಾರ್ನ್ ಹೊಡೀತಿತ್ತು ಮೇಡಂ. ನಾ ಕಿಡಕ್ಯಾಗಿಂದ ನೋಡ್ಕೋತ ಕುಂತೆ. ಅಮ್ಮಿ ಮಾರಿ ನೋಡಾಕ ಆಗ್ಲಿಲ್ಲ," ಎಂದಳು. ಅಳಲಿಲ್ಲ. ಅತ್ತವಳು ನಾನು.

ನಿವೇಶನ ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ. ಆ ಬಡಾವಣೆಯಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಕಟ್ಟಬಹುದಿತ್ತು, ಅಂದರೆ ಎಂಟು ನೂರು ಚದರಡಿ. ಕೇಳಲು ಸಾಕು ಅನ್ನಿಸುತ್ತದೆ. ಗಾಲಿ ಕುರ್ಚಿ ತಿರುಗಲು ಪ್ರತಿ ಕೋಣೆಯಲ್ಲೂ ಐದಡಿಯ ಸುತ್ತು ಬೇಕು ಎಂದಾಗ ಅದು ಕರಗತೊಡಗುತ್ತದೆ. ಮೇಲಾಗಿ ಭಾಲ್ಕಿಯದು ಎರೆ ಮಣ್ಣು. ಮಳೆಗಾಲದಲ್ಲಿ ನೀರು ನಿಲ್ಲುತ್ತದೆಂದು ಪಾಯವನ್ನು ನೆಲದಿಂದ ಎರಡಡಿ ಎತ್ತಲೇಬೇಕು. ಎರಡಡಿ ಎತ್ತರಕ್ಕೆ ತಾನೇ ಗಾಲಿ ತಳ್ಳಿಕೊಂಡು ಏರಬೇಕಾದರೆ ಇಪ್ಪತ್ತನಾಲ್ಕು ಅಡಿ ಉದ್ದದ ಇಳಿಜಾರು ಬೇಕು. ಅದನ್ನು ಎಲ್ಲಿಂದ ತರುವುದು?

ಹಸಿರು ಪೆನ್ಸಿಲ್ ಕೈಗೆತ್ತಿಕೊಂಡೆ. ಪಕ್ಕದಲ್ಲಿ ಹೇಗೂ ಬಿಡಲೇಬೇಕಾದ ಮೂರೂವರೆ ಅಡಿ ಬಯಲು ಮನೆಯ ಉದ್ದಕ್ಕೂ ಓಡುತ್ತಿತ್ತು. ಇಳಿಜಾರನ್ನು ಅದರಲ್ಲೇ ಮಲಗಿಸಿದೆ. ಮೇಲೆ ಸೂರಿಲ್ಲದ್ದರಿಂದ ಅದು ಮನೆಯ ಪಾಲಿನ ಲೆಕ್ಕಕ್ಕೆ ಬರುವುದಿಲ್ಲ. ಹೆಬ್ಬಾಗಿಲನ್ನು ರಸ್ತೆಯ ಕಡೆಯಿಂದ ಕಿತ್ತು ಪಕ್ಕದ ಗೋಡೆಗೆ ತಂದೆ. ಓಣಿಯಂಥ ನಡುಹಾದಿಯನ್ನು ತೆಗೆದುಹಾಕಿ ಕೋಣೆಯಿಂದ ಕೋಣೆಗೆ ನೇರ ಬಾಗಿಲು ಇಟ್ಟೆ.

ನಕ್ಷೆ ನೋಡಿ ಹೌದು ಅನ್ನುವುದು ಸುಲಭ. ಬೀದರದಲ್ಲಿ ಅವರ ಕೋಣೆಗೆ ಹೊಂದಿಕೊಂಡೇ ಇದ್ದ ಬಯಲು ಮಾಳಿಗೆಯ ಮೇಲೆ ಸೀಮೆಸುಣ್ಣದಿಂದ ಕೋಣೆಗಳನ್ನು ಇದ್ದಷ್ಟೇ ಅಳತೆಯಲ್ಲಿ ಗೀಚಿದೆ. ನಸೀಮಾ ಅದರೊಳಗೆ ಗಾಲಿ ತಿರುಗಿಸಿ ನೋಡಿದಳು. "ಇಲ್ಲಿ ನಾ ಗ್ವಾಡ್ಯಾಗ ಹೋದೆ ಮೇಡಂ," ಎನ್ನುತ್ತಿದ್ದಳು. ಅಳಿಸಿ ಮತ್ತೆ ಗೀಚುತ್ತಿದ್ದೆ. ಸಲೀಮ್ ತನ್ನ ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಗೆರೆ ದಾಟುತ್ತಿದ್ದ. "ಗ್ವಾಡಿ ಹಾಯ್ದು ಬಂದ್ರಲ್ರಿ, ಜಿನ್ ಆಗೀರೇನ್?" ಎಂದು ಅವಳು ಗಂಡನನ್ನು ಗದರಿಸಿ ನಗುತ್ತಿದ್ದಳು. ಕೊನೆಗೆ ಎಲ್ಲವೂ ಕೂಡಿತು. ಇಪ್ಪತ್ತಮೂರು ಅಡಿ ಅಗಲ, ಮೂವತ್ತನಾಲ್ಕು ಅಡಿ ಉದ್ದ. ಮಿತಿಗಿಂತ ತುಸು ಒಳಗೆ. ನಕ್ಷೆಗೆ ಪರವಾನಗಿಯೂ ಸಿಕ್ಕಿತು.

ಕಟ್ಟಲು ಬಂದವನು ಧೂಳಪ್ಪ ಗೌಂಡಿ. ಭಾಲ್ಕಿ ಸುತ್ತಿನ ಎಷ್ಟೋ ಮನೆಗಳು ಅವನ ಕೈಯವು. ವಯಸ್ಸಾದವನು, ಮೆದು ಮಾತಿನವನು, ನಸೀಮಾಳನ್ನು ಕಂಡ ದಿನವೇ "ಬೇಟಿ" ಎಂದವನು. ನಾನೇ ಮುಂದೆ ನಿಂತು ಸುಣ್ಣದ ಗೆರೆ ಹಾಕಿಸಿದೆ. ಕರ್ಣ ಅಳೆದೆ. ಮೂಲೆ ಮೂಲೆಗೂ ಗೂಟ ಹೊಡೆಸಿದೆ. ಮರುದಿನ ಪಾಯದ ಪೂಜೆ ಇಟ್ಟುಕೊಂಡಿದ್ದ ಧೂಳಪ್ಪ, ಅದನ್ನು ತಾನು ಎಲ್ಲ ಮನೆಗಳಿಗೂ ಮಾಡುತ್ತೇನೆ ಎಂದ. ಸಲೀಮನಿಗೂ ಅಡ್ಡಿಯಿರಲಿಲ್ಲ. ನನಗೆ ಔರಾದದಲ್ಲಿ ಒಂದು ಶಾಲೆಯ ಕೆಲಸವಿತ್ತು, ಹೋದೆ.

ಮರಳಿ ಬಂದಾಗ ಪಾಯ ಮೇಲೆದ್ದಿತ್ತು. ಎರೆ ಮಣ್ಣು ತೆಗೆದು, ಗಟ್ಟಿ ಮುರುಮು ಮಣ್ಣು ತುಂಬಿ, ಕಲ್ಲು ಕೂಡಿಸಿ, ಕೆಲಸ ಒಳ್ಳೆಯದಾಗಿಯೇ ಆಗಿತ್ತು. ಆವತ್ತು ಸಲೀಮ್ ಪಾಯ ತೋರಿಸಲು ನಸೀಮಾಳನ್ನು ಕರೆತಂದಿದ್ದ. ಪಕ್ಕದಲ್ಲಿ ಇಳಿಜಾರಿನ ಅಂಚುಗಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ನೆಲ ಇನ್ನೂ ಸಮವಾಗಿತ್ತು.

"ನಾ ಹೋಗಿ ನೋಡ್ತೇನಿ," ಎಂದು ಅವಳು ಆ ಸಂದಿಗೆ ಗಾಲಿ ತಿರುಗಿಸಿದಳು.

ಎರಡು ಸಲ ತಳ್ಳಿದಳು. ಮೂರನೆಯ ಸಲಕ್ಕೆ "ಅಮ್ಮಿ!" ಎಂದು ಕೂಗಿದಳು. ಬಲಗೈಯ ಗೆಣ್ಣುಗಳು ಪಾಯದ ಕಲ್ಲಿಗೆ ಉಜ್ಜಿ ಸಿಪ್ಪೆ ಎದ್ದಿದ್ದವು. ಎಡಗೈ ಅಂಚುಗಲ್ಲಿನ ಕಡೆ ಸಿಕ್ಕಿಬಿದ್ದಿತ್ತು. ಗಾಲಿ ಹಿಡಿಸುತ್ತಿತ್ತು, ಗಾಲಿ ತಿರುಗಿಸುವ ಕೈ ಹಿಡಿಸುತ್ತಿರಲಿಲ್ಲ. ಮುಂದೆಯೂ ಹೋಗಲಾರದೆ ಹಿಂದೆಯೂ ಬರಲಾರದೆ ಅವಳು ಅಲ್ಲೇ ಸಿಕ್ಕಿಕೊಂಡಳು. ಸಲೀಮ್ ಓಡಿಹೋಗಿ, ಪಾಯದ ಮೇಲಿಂದ ಬಗ್ಗಿ, ಅವಳನ್ನು ಎತ್ತಿಕೊಂಡ.

ಎತ್ತಿಕೊಂಡ. ಅದೇ ಅಲ್ಲವೇ ಆಗಬಾರದಾಗಿದ್ದದ್ದು? ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಟೇಪ್ ಹಿಡಿದೆ. ಅಗಲ ಒಂದು ಗೇಣು ಹೆಚ್ಚಾಗಿತ್ತು. ಇಳಿಜಾರಿನ ಜಾಗವನ್ನು ಅಷ್ಟು ತಿಂದಿತ್ತು. ಮನೆ ಎಂಟು ನೂರು ಚದರಡಿಯನ್ನೂ ದಾಟಿತ್ತು. ಪಾಯದ ತಪಾಸಣೆಗೆ ಅಧಿಕಾರಿ ಬರುವ ದಿನ ಹತ್ತಿರದಲ್ಲಿತ್ತು, ಅದಾಗದೆ ಮೇಲೆ ಗೋಡೆ ಎಬ್ಬಿಸುವಂತಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು.

"ಧೂಳಪ್ಪಾ, ಗೂಟ ಯಾರ್ ಕಿತ್ತಾರ?"

ಅವನು ತಡವರಿಸಲಿಲ್ಲ. "ನಾನ ಸರಸೀನ್ರಿ ಬಾಯಾರ. ಪೂಜಿ ಮುಂಜಾನಿ ಲೆಕ್ಕಾ ಹಾಕ್ದೆ. ನೀವು ಕೊಟ್ಟ ಅಳತಿಗಿ ಆಯ ಕೆಟ್ಟಿತ್ತು."

ಆಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆಯ ಹಳೆಯ ಗೌಂಡಿಗಳು ಮನೆಯ ಉದ್ದ ಅಗಲಗಳ ಲೆಕ್ಕ ಹಾಕಿ ಕೊನೆಗೆ ಎಂಟರಿಂದ ಭಾಗಿಸುತ್ತಾರೆ. ಉಳಿದದ್ದು ಬೆಸವಾದರೆ ಶುಭ, ಸಮವಾದರೆ ಕೆಡುಕು. ಕೆಡುಕು ಬಂದರೆ ದಾರವನ್ನು ಬೆರಳೋ ಗೇಣೋ ಹಿಗ್ಗಿಸಿ ಒಳ್ಳೆಯದಕ್ಕೆ ತರುತ್ತಾರೆ. ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಊರ ನಡುವಿನ ಹಳೆ ಮನೆಗಳಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಗಾಲಿ ಕುರ್ಚಿಗೆಂದು ಬೆರಳು ಲೆಕ್ಕದಲ್ಲಿ ಜಾಗ ಉಳಿಸಿದ ಮನೆಯಲ್ಲಿ ಆ ಒಂದು ಗೇಣು ಕತ್ತಿಯಾಯಿತು.

"ಇದು ಸಲೀಮನ ಮನಿ. ಅವರಿಗಿ ಆಯ ಎಲ್ಲಿಂದ ಬಂತು?" ಎಂದು ಕೂಗಾಡಿದೆ.

"ಆಯ ಮನಿಗಿ ಇರ್ತದ್ರಿ ಬಾಯಾರ, ಜಾತಿಗಲ್ಲ," ಎಂದ ಧೂಳಪ್ಪ. "ಬಂದದ್ದು ಖರಾಯ, ಕತ್ತೆ ಆಯ. ಅಂಥಾ ಮನ್ಯಾಗ ಹೆಣ್ಮಗಳಿಗಿ ರೋಗ ಬಿಡಂಗಿಲ್ಲಂತಾರ. ಮೊದಲೇ ಆ ಬೇಟಿ ನೊಂದಾಳ. ನಾ ಕಣ್ಣಾರೆ ನೋಡಿ ಹ್ಯಾಂಗ ಕಟ್ಲಿ?"

ಏನು ಹೇಳುವುದು ಇಂಥವನಿಗೆ? ಕೇಡು ಬಗೆದಿದ್ದರೆ ಓಡಿಸಬಹುದಿತ್ತು. ಅವನು ಬಗೆದದ್ದು ಒಳ್ಳೆಯದನ್ನೇ.

ಒಡೆದು ಹಿಂದೆ ಸರಿಸು ಎಂದೆ. ಅವನು ಕರಣಿಯನ್ನು ನೆಲಕ್ಕಿಟ್ಟ. "ಬ್ಯಾರೆ ಗೌಂಡಿನ್ನ ತರಿಸ್ರಿ. ಆ ಅಳತಿಗಿ ನನ್ನ ಕೈ ಏಳಂಗಿಲ್ಲ." ಅವನ ಕೆಲಸದವರೂ ಪುಟ್ಟಿ ಕೆಳಗಿಟ್ಟರು. ಮಿರಗದ ಮಳೆ, ಮುಂಗಾರಿನ ಮೊದಲ ದೊಡ್ಡ ಮಳೆ, ಹತ್ತಿರ ಬಂದಿತ್ತು. ಪಾಯ ಬಿಚ್ಚಿಟ್ಟಾಗ ಮಳೆ ಹಿಡಿದರೆ ಎರೆ ಮಣ್ಣು ಉಬ್ಬಿ ಉಳಿದ ಮೂರು ಗೋಡೆಯ ಪಾಯವನ್ನೂ ಅಲುಗಿಸುತ್ತದೆ. ಹೊಸ ಗೌಂಡಿಯನ್ನು ಹುಡುಕುವಷ್ಟು ಹೊತ್ತು ಇರಲಿಲ್ಲ. ಪಡುವಣದಲ್ಲಿ ಆಗಲೇ ಮೋಡ ಕಪ್ಪಗಾಗಿತ್ತು.

ಸಲೀಮ್ ನನ್ನನ್ನು ಒಂದು ಬದಿಗೆ ಕರೆದ. "ಮೇಡಂ, ಒಡಿಯೂದು ಬ್ಯಾಡ್ರಿ. ನಕ್ಷಾದಾಗ ಬರೋಬರ್ ಅದನಲ್ರಿ? ಸಾಹೇಬ್ರಿಗಿ ನಕ್ಷಾ ತೋರಿಸ್ರಿ, ಟೇಪ್ ಯಾರ್ ಹಿಡೀತಾರ?"

"ಇಳಿಜಾರು?"

"ನಾ ಅದೀನಲ್ರಿ. ಇಷ್ಟ ವರ್ಷ ಎತ್ತಿಲ್ಲೇನು? ಮುಂದನೂ ಎತ್ತತೇನಿ."

ನನ್ನ ಬಾಯಲ್ಲಿ ಒರಟು ಮಾತೊಂದು ಬಂದಿತ್ತು. ಅಷ್ಟರಲ್ಲಿ ನಸೀಮಾ ಹಿಂದಿನಿಂದ ಮಾತಾಡಿದಳು. ನಾವು ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತ್ತು.

"ನೀವು ಎತ್ತೂದು ಬ್ಯಾಡಂತನೇ ಈ ಮನಿ ಕಟ್ಟಾಕತ್ತೀವಿ. ಎತ್ತೂದೇ ಇದ್ರ ಬೀದರದಾಗಿನ ಮಾಳಗಿ ಏನ್ ಕೆಟ್ಟದ್ರಿ?"

ಧೂಳಪ್ಪ ನೆಲ ನೋಡುತ್ತ ನಿಂತಿದ್ದ. ನಾನು ಎರಡೂ ಕಡೆ ನೋಡಿದೆ, ದಾರಿ ಕಾಣಲಿಲ್ಲ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಕೆಲಸ ನಿಲ್ಲುತ್ತದೆ, ಸಿಕ್ಕದಿದ್ದರೆ ಅವಳು ಮತ್ತೆ ಒಳಗೆ ಕೂಡಿಬೀಳುತ್ತಾಳೆ.

ನಸೀಮಾ ಸುಲಿದ ಗೆಣ್ಣುಗಳನ್ನು ಸೆರಗಿನಲ್ಲಿ ಒತ್ತಿ ಹಿಡಿದು ಗಾಲಿ ತಳ್ಳಿಕೊಂಡು ಧೂಳಪ್ಪನ ಎದುರಿಗೆ ಹೋದಳು.

"ಕಾಕಾ, ನಿಮ್ಮ ಮನಸ್ಸು ನನಗ ಗೊತ್ತದ. ಒಂದ್ ಮಾತ್ ಹೇಳ್ರಿ. ಹಿಗ್ಗಿಸಿದ್ರನೇ ಆಯ ಚಲೋ ಬರ್ತದೇನ್ರಿ? ಕುಗ್ಗಿಸಿದ್ರ ಬರಂಗಿಲ್ಲೇನು?"

ಧೂಳಪ್ಪ ತಲೆಯೆತ್ತಿದ. "ಕುಗ್ಗಿಸಿದ್ರನೂ ಬರ್ತದ ಬೇಟಿ. ಆದ್ರ ಯಾರ್ ಕುಗ್ಗಿಸ್ತಾರ? ಇದ್ದದ್ದ ಸಣ್ಣ ಜಾಗಾ."

"ಲೆಕ್ಕಾ ಹಾಕ್ರಿ."

ಅವನು ಮಣ್ಣಿನ ಮೇಲೆ ಬೆರಳಿನಿಂದ ಬರೆದ, ಅಳಿಸಿದ, ಮತ್ತೆ ಬರೆದ. ನನ್ನ ಅಳತೆಗಿಂತ ಒಂದು ಗೇಣು ಕಡಿಮೆ ಮಾಡಿದರೆ ಧ್ವಜಾಯ ಬರುತ್ತದೆ, ಎಲ್ಲಕ್ಕಿಂತ ಶ್ರೇಷ್ಠ, ಎಂದ. ನನಗೆ ಖುಷಿಯಾಗಬೇಕಾಗಿತ್ತು. ಆಗಲಿಲ್ಲ. ಮಾಳಿಗೆಯ ಮೇಲೆ ಸೀಮೆಸುಣ್ಣದಿಂದ ಗೀಚಿ ಅಳಿಸಿ ಕೂಡಿಸಿದ ಮನೆ ನನ್ನ ಕಣ್ಣಲ್ಲಿತ್ತು. ಒಂದು ಗೇಣು ಹೋದರೆ ಅಡುಗೆಮನೆಯಲ್ಲಿ ಗಾಲಿ ತಿರುಗುವುದಿಲ್ಲ.

"ತಿರಗಂಗಿಲ್ಲ ನಸೀಮಾ," ಎಂದೆ. "ಅಡಗಿಮನಿಗೂ ಬೈಠಕ್‌ಗೂ ನಡಕಿನ ಗ್ವಾಡಿ ಅಡ್ಡ ಬರ್ತದ."

"ಗ್ವಾಡಿ ತೆಗೀರಿ."

ಎಲ್ಲರೂ ಸಲೀಮನ ಕಡೆ ನೋಡಿದೆವು. ಬೈಠಕ್ ಅಂದರೆ ಹೊರಗಿನ ಗಂಡಸರು ಬಂದು ಕೂಡುವ ಕೋಣೆ. ಅವರ ಮನೆತನದಲ್ಲಿ ಒಳಗಿನ ಹೆಂಗಸರು ಅಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆ ಗೋಡೆ ಹೋದರೆ ಬಂದವರಿಗೆ ಅವಳು ರೊಟ್ಟಿ ಬಡಿಯುವುದೂ ಕಾಣುತ್ತದೆ. ಮನೆ ಕಟ್ಟಿದ ಗಂಡಸಿಗೆ ಬೈಠಕ್ ಇಲ್ಲ ಎಂದರೆ ಬಂಧುಬಳಗದ ಬಿರಾದರಿಯಲ್ಲಿ ತಲೆ ಎತ್ತಿ ಹೇಳಿಕೊಳ್ಳುವುದೇನು?

"ಅಣ್ಣಾವರು ಬಂದ್ರ ಎಲ್ಲಿ ಕೂಡಸ್ಲಿ?" ಎಂದ ಸಲೀಮ್, ಬಹಳ ಮೆಲ್ಲಗೆ.

"ಹೊರಗ ಕಟ್ಟಿ ಮ್ಯಾಲ ಕೂಡಸ್ರಿ. ಗಾಳಿ ಬರ್ತದ," ಎಂದಳು ನಸೀಮಾ. ಆಮೇಲೆ ಅವಳ ದನಿ ಒಡೆಯಿತು. "ಅಮ್ಮಿ ಸತ್ತಾಗ ನಾ ಪರದಾ ಬಿಟ್ಟಿಲ್ಲ. ಅದಕ್ಕ ಏನ್ ಕಳಕೊಂಡೀನಿ ನಿಮಗ ಗೊತ್ತದ. ಈಗ ಒಂದು ಗ್ವಾಡಿ ಬಿಡ್ರಿ ನನಗಾಗಿ."

ಸಲೀಮ್ ಕೊರಳಿನ ಟೇಪನ್ನು ತೆಗೆದು ಕೈಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಮೋಡ ಗುಡುಗಿತು. ನಾನು ನನ್ನ ಜೀವಮಾನದಲ್ಲಿ ಇಂಜಿನಿಯರುಗಳ, ಅಧಿಕಾರಿಗಳ ಉತ್ತರಕ್ಕೆ ಕಾದು ನಿಂತಿದ್ದೇನೆ, ಅಷ್ಟು ಭಯದಿಂದ ಯಾರ ಉತ್ತರಕ್ಕೂ ಕಾದಿಲ್ಲ.

"ಕಾಕಾ, ಒಡೀರಿ," ಎಂದ ಸಲೀಮ್.

ಧೂಳಪ್ಪ ಕರಣಿ ಎತ್ತಿಕೊಂಡ. ಪಾಯದ ಆ ಒಂದು ಬದಿಯನ್ನು ಒಮ್ಮೆಗೇ ಬಿಚ್ಚಲಿಲ್ಲ, ಗಜ ಗಜದಷ್ಟು ಬಿಚ್ಚಿ, ಕೂಡಲೇ ಹಿಂದಕ್ಕೆ ಕಟ್ಟಿ, ಮುರುಮು ತುಂಬಿ ಗುದ್ದುತ್ತ ಮುಂದೆ ಹೋದ. ನಾನು ಹೊಸ ಅಳತೆಯ ನಕ್ಷೆ ಬರೆದು ಮತ್ತೆ ಏರಿಸಿದೆ. ಮಳೆ ಹನಿಯಿತು, ನಿಂತಿತು, ಮತ್ತೆ ಹನಿಯಿತು. ತಾಡಪತ್ರಿ ಹಿಡಿದು ನಿಂತವರಲ್ಲಿ ಸಲೀಮನೂ ಇದ್ದ, ನಾನೂ ಇದ್ದೆ. ಕೊನೆಯ ಮೂಲೆಯ ಕಲ್ಲು ಕೂಡಿಸಿದ ಮೇಲೆ ಮಿರಗ ಧೋ ಎಂದು ಸುರಿಯಿತು. ಧೂಳಪ್ಪ ಮಳೆಯಲ್ಲೇ ನಿಂತು ನಗುತ್ತಿದ್ದ.

ತಪಾಸಣೆಗೆ ಬಂದ ಅಧಿಕಾರಿ ಟೇಪ್ ಹಿಡಿದರು. ನಾಲ್ಕೂ ಬದಿ ಅಳೆದು, "ಜನ ಹೆಚ್ಚ ಕಟ್ಟತಾರ, ನೀವು ಕಡಿಮಿ ಕಟ್ಟೀರಲ್ಲ, ಯಾಕ್ರಿ ಮೇಡಂ?" ಎಂದರು. ಹೇಳಲು ಹೊರಟರೆ ಸಂಜೆಯಾಗುತ್ತಿತ್ತು. ಸಹಿ ಮಾಡಿ ಎಂದೆ.

ಹೊಸಬರಿಗೆ ನಾನು ಹೇಳುವುದು ಇಷ್ಟು. ಗೆರೆ ಹಾಕಿಸುವ ಮೊದಲು ಗೌಂಡಿಯ ಪಕ್ಕ ಕುಳಿತು ಅವನ ಲೆಕ್ಕವನ್ನು ಕೇಳಿ. ನಂಬಿ ಅನ್ನುತ್ತಿಲ್ಲ, ಕೇಳಿ. ಅವನ ಆಯವನ್ನು ನಕ್ಷೆ ಬರೆಯುವಾಗಲೇ ಕೂಡಿಸಿದರೆ ಗೂಟ ಕೀಳುವ ಕೆಲಸ ಅವನಿಗೆ ಬೀಳುವುದಿಲ್ಲ. ನಸೀಮಾಳ ಮನೆಯ ನಂತರ ನಾನು ಹಾಗೇ ಮಾಡಿಕೊಂಡು ಬಂದೆ. ಪೋರ್ಟಲ್ ಇದನ್ನು ಕೇಳುವುದಿಲ್ಲ, ನೀವೇ ಕೇಳಬೇಕು.

ಅವರು ಹೊಸ ಮನೆಗೆ ಬಂದ ಕೆಲವು ದಿನಗಳ ಮೇಲೆ, ಮಧ್ಯಾಹ್ನದ ಹೊತ್ತು, ನನ್ನ ಫೋನು ಹೊಡೆದುಕೊಂಡಿತು. ಸಲೀಮ್. ದನಿ ಗುರುತೇ ಸಿಗುತ್ತಿರಲಿಲ್ಲ.

"ಮೇಡಂ, ಜಲ್ದಿ ಬರ್ರಿ! ನಸೀಮಾ ಮನ್ಯಾಗ ಇಲ್ರಿ!"

"ಇಲ್ಲಂದ್ರ?"

"ಊಟಕ್ಕ ಬಂದೆ, ಬಾಗಲಾ ಮುಚ್ಯಾದ, ಒಳಗ ಯಾರೂ ಇಲ್ಲ. ಕುರ್ಚಿನೂ ಇಲ್ಲ, ಆಕೀನೂ ಇಲ್ಲ. ಫೋನ್ ಮನ್ಯಾಗ ಬಿದ್ದದ. ಯಾರ್ ಒಯ್ದಾರ್ರಿ ಆಕೀನ್ನ?"

ಸ್ಕೂಟಿ ತೆಗೆದುಕೊಂಡು ಓಡಿದೆ. ಇಳಿಜಾರು ತೀರಾ ಕಡಿದಾಯಿತೇ, ಗಾಲಿ ಕೈ ತಪ್ಪಿ ರಸ್ತೆಗೆ ಉರುಳಿತೇ, ಮುಂದಿನ ಚರಂಡಿಗೆ ಮುಚ್ಚಳ ಇತ್ತೇ, ದಾರಿಯುದ್ದಕ್ಕೂ ಇದೇ. ನಾನು ಬರೆದ ಇಳಿಜಾರು ಅದು. ಹೋಗಿ ನೋಡಿದರೆ ಸಲೀಮ್ ಬರಿಗಾಲಲ್ಲಿ ಮನೆ ಸುತ್ತುತ್ತಿದ್ದ. ಚರಂಡಿಗೆ ಇಣುಕಿದೆವು. ಪಕ್ಕದವರನ್ನು ಕೇಳಿದೆವು, ಅವರು ನೋಡಿರಲಿಲ್ಲ. ಖಾಲಿ ನಿವೇಶನದ ಜಾಲಿಗಿಡಗಳ ಹಿಂದೆ ನೋಡಿದೆವು. ಸಲೀಮ್ "ನಸೀಮಾ, ನಸೀಮಾ" ಎಂದು ಕೂಗುತ್ತ ಬಡಾವಣೆಯ ತಿರುವಿನ ಕಡೆ ಓಡಿದ. ನಾನು ಅವನ ಹಿಂದೆ.

ತಿರುವಿನಲ್ಲಿ ಕಾಯಿಪಲ್ಲೆಯ ಗಾಡಿ ನಿಂತಿತ್ತು. ನಾಲ್ಕೈದು ಹೆಂಗಸರು ಸುತ್ತ ನಿಂತಿದ್ದರು. ಅವರ ನಡುವೆ, ತಲೆ ಮೇಲೆ ಸೆರಗು ಹೊದ್ದು, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ನಸೀಮಾ ಗಾಡಿಯವನೊಂದಿಗೆ ಜಗಳ ಹಚ್ಚಿದ್ದಳು. ಬದನೆಕಾಯಿಯಲ್ಲಿ ಹುಳ ಇದೆ ಎಂದು ಅವಳು, ಇಲ್ಲ ಎಂದು ಅವನು. ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು.

ಸಲೀಮ್ ಅವಳ ಮುಂದೆ ಹೋಗಿ ನಿಂತ. ಏದುಸಿರು. ಏನೋ ಹೇಳಲು ಹೋಗಿ, "ನಾ... ಮನಿ ಖಾಲಿ..." ಎಂದಷ್ಟೇ ಹೇಳಿ, ನಡುರಸ್ತೆಯಲ್ಲಿ ಮಗುವಿನಂತೆ ಅತ್ತುಬಿಟ್ಟ. ಎರಡೂ ಕೈ ಕುರ್ಚಿಯ ಕಡೆ ಚಾಚಿದ, ಅಭ್ಯಾಸ ನೋಡಿ.

ನಸೀಮಾ ಅವನ ಕೈಗೆ ಬದನೆಕಾಯಿಯ ಚೀಲ ಕೊಟ್ಟಳು.

"ಇದು ಹಿಡ್ಕೊಂಡು ನೀವು ಮುಂದ ನಡೀರಿ," ಎಂದಳು. "ನಾ ಬರ್ತೇನಿ. ಇನ್ನ ಕೊತಂಬ್ರಿ ತಗೋಬೇಕು."